ರೇಡಿಯೊ ಕೆಟ್ಟಿದೆ ಅಂದುಕೊಂಡ ರಾತ್ರಿ

ಮೊದಲು ಕೇಳಿಸಿದ್ದು ಪಿಯಾನೊ ಅಲ್ಲ, ಕಟಕಟ ಸದ್ದು. ಮರದ ಮೇಲೆ ಯಾರೋ ಉಗುರಿನಿಂದ ಮೆಲ್ಲಗೆ ಬಡಿದ ಹಾಗೆ. ಅದರ ಬೆನ್ನಿಗೇ ಕಂಬಳಿಯೊಳಗಿಂದ ಬಂದಂಥ ಒಂದು ಸ್ವರ. ಸ್ಪೀಕರ್ ಹರಿದಿರಬೇಕು ಅಂದುಕೊಂಡು ಎದ್ದು ಕೂತೆ. ಸೆಟ್ಟನ್ನು ಕೈಗೆತ್ತಿಕೊಂಡು ತಿರುಗಿಸಿದೆ, ತಟ್ಟಿದೆ, ಕಿವಿಗೆ ಒತ್ತಿ ಹಿಡಿದೆ. ಕಟಕಟ ನಿಲ್ಲಲಿಲ್ಲ. ಆದರೆ ಅದು ಪ್ರತಿ ಸ್ವರಕ್ಕೂ ಕೂದಲೆಳೆಯಷ್ಟು ಮುಂಚೆ ಬರುತ್ತಿದೆ, ಒಂದು ಸಲವೂ ತಪ್ಪುತ್ತಿಲ್ಲ ಅನ್ನುವುದು ಗಮನಕ್ಕೆ ಬಂದಾಗ ನನ್ನ ಕೈ ತಡೆಯಿತು. ಹರಿದ ಸ್ಪೀಕರ್ ಸ್ವರ ನೋಡಿಕೊಂಡು ಸದ್ದು ಮಾಡುವುದಿಲ್ಲ. ಅಂದರೆ ಈ ಸದ್ದು ರೇಡಿಯೊದ್ದಲ್ಲ, ಸಂಗೀತದ್ದೇ.

ಆಗ ನನಗೆ ನಿದ್ದೆ ಬಾರದ ಕಾಲ. ಯಾರದಾದರೂ ಮಾತು ಕಿವಿಗೆ ಬೀಳುತ್ತಿದ್ದರೆ ಕಣ್ಣು ಮುಚ್ಚೀತು ಅನ್ನುವ ಆಸೆಯಿಂದ ಒಂದು ಇಂಟರ್‌ನೆಟ್ ರೇಡಿಯೊವನ್ನು ತಲೆದೆಸೆಯಲ್ಲಿ ಇಟ್ಟುಕೊಂಡಿದ್ದೆ. ಸುದ್ದಿ ಕೇಳಿದರೆ ಇದ್ದ ನಿದ್ದೆಯೂ ಹಾರಿಹೋಗುತ್ತಿತ್ತು. ಹಾಗೆ ಕೇಂದ್ರ ಬದಲಿಸುತ್ತ ಬದಲಿಸುತ್ತ ಒಂದು ರಾತ್ರಿ ಬ್ರಿಟನ್ನಿನ ಸಂಗೀತ ಕೇಂದ್ರ ಬಿಬಿಸಿ ರೇಡಿಯೊ 3ಕ್ಕೆ ಬಂದು ನಿಂತೆ. ಅವರ ನಡುರಾತ್ರಿ ನನ್ನ ಬೆಳಗಿನ ಜಾವ. ಮನೆಯವರೆಲ್ಲ ಮಲಗಿರುತ್ತಿದ್ದರಿಂದ ಧ್ವನಿಯನ್ನು ಕೇಳೀತೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಇಟ್ಟಿರುತ್ತಿದ್ದೆ. ಈ ಸಣ್ಣ ಧ್ವನಿಯ ಮಾತು ಮುಂದೆ ಮತ್ತೆ ಬರುತ್ತದೆ.

ನುಡಿಸಾಣಿಕೆ ಮುಗಿದಾಗ ನಿರೂಪಕಿ ಒಂದು ಹೆಸರು ಹೇಳಿದರು. ನನಗೆ ಅರ್ಧ ಕೇಳಿಸಿತು, ಇನ್ನರ್ಧವನ್ನು ಮುಂದಿನ ತುಣುಕು ನುಂಗಿತು. 'ಫೆಲ್ಟ್' ಅನ್ನುವ ಒಂದು ಪದ ಮಾತ್ರ ಕೈಗೆ ಸಿಕ್ಕಿತು. ಬೆಳಗಾದ ಮೇಲೆ ಆ ಪದವನ್ನೇ ಹಿಡಿದು ಹುಡುಕಿದೆ. ಜರ್ಮನಿಯ ನಿಲ್ಸ್ ಫ್ರಾಮ್, 2011ರ ಧ್ವನಿಮುದ್ರಿಕೆ. ಹೆಸರೇ 'ಫೆಲ್ಟ್', ಅಂದರೆ ಒತ್ತುಣ್ಣೆಯ ಬಟ್ಟೆ. ಬರ್ಲಿನ್ನಿನ ತಮ್ಮ ಸ್ಟುಡಿಯೊದಲ್ಲಿ ಅವರು ರಾತ್ರಿ ಹೊತ್ತು ನುಡಿಸುತ್ತಿದ್ದರು. ನೆರೆಯವರಿಗೆ ತೊಂದರೆಯಾಗದಿರಲೆಂದು ಪಿಯಾನೊದ ತಂತಿಗಳ ಮುಂದೆ ದಪ್ಪ ಫೆಲ್ಟ್ ಇಳಿಬಿಟ್ಟರು. ಸುತ್ತಿಗೆ ನೇರವಾಗಿ ತಂತಿಗೆ ಹೊಡೆಯದೆ ಬಟ್ಟೆಯ ಮೂಲಕ ಹೊಡೆದಾಗ ಸ್ವರದ ಮೊನಚು ಹೋಗಿ ತಿರುಳಷ್ಟೇ ಉಳಿಯುತ್ತದೆ. ಇಷ್ಟು ಮೆಲ್ಲಗಿನ ಸ್ವರವನ್ನು ಹಿಡಿಯಲು ಮೈಕ್‌ಗಳನ್ನು ತಂತಿಗೆ ತಾಗುವಷ್ಟು ಒಳಕ್ಕೆ ತೂರಿಸಬೇಕು, ಅವುಗಳ ಶಕ್ತಿಯನ್ನು ಏರಿಸಬೇಕು. ಏರಿಸಿದರೆ ಸ್ವರವೊಂದೇ ಏರುವುದಿಲ್ಲ. ಕೀಲಿಮಣೆಯ ಕೀಲಿ ಇಳಿಯುವ ಸದ್ದು, ಸುತ್ತಿಗೆ ಹಿಂದಕ್ಕೆ ಬೀಳುವ ಸದ್ದು, ಪೆಡಲ್ಲಿನ ನರಳಿಕೆ, ನೆಲದ ಹಲಗೆಯ ಕಿರುಗುಟ್ಟು, ನುಡಿಸುವವನ ಉಸಿರು ಎಲ್ಲವೂ ಜೊತೆಗೇ ಏರುತ್ತವೆ. ಅವನ್ನು ಅಳಿಸದೆ ಇಟ್ಟುಕೊಳ್ಳುವುದೆಂದು ಫ್ರಾಮ್ ತೀರ್ಮಾನಿಸಿದರು. ನಾನು ಕೆಟ್ಟ ಸ್ಪೀಕರ್ ಅಂದುಕೊಂಡದ್ದು ಆ ತೀರ್ಮಾನವನ್ನು.

ಅಲ್ಲಿಯವರೆಗೆ ಪಿಯಾನೊ ಅಂದರೆ ನನ್ನ ಮನಸ್ಸಿನಲ್ಲಿದ್ದದ್ದು ದೊಡ್ಡ ವೇದಿಕೆ, ಕರೀ ಹೊಳಪು, ದೂರದಲ್ಲಿ ಕೂತ ಒಬ್ಬ ಮನುಷ್ಯ. ಈ ಸಂಗೀತದಲ್ಲಿ ಆ ದೂರವೇ ಇರಲಿಲ್ಲ. ಕಿವಿಯನ್ನು ಪಿಯಾನೊದ ಹೊಟ್ಟೆಯೊಳಗೇ ಇಟ್ಟಂತಿತ್ತು.

ಮಾರನೆಯ ದಿನದಿಂದ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಕೇಳುವಾಗ ಫೋನಿನಲ್ಲಿ ಹುಡುಕಬಾರದು, ಹುಡುಕಾಟ ಬೆಳಗಾದ ಮೇಲೆ ಅಂತ ನಿಯಮ ಹಾಕಿಕೊಂಡೆ. ಪುಟದ ಎಡಕ್ಕೆ ಗಂಟೆ, ಬಲಕ್ಕೆ ಕೇಳಿಸಿದ್ದರ ಎರಡು ಸಾಲು, ಕೆಳಗೆ ಹೆಸರು ಕೇಳಿಸಿದ ಹಾಗೆಯೇ. ಈ ಹೆಸರುಗಳನ್ನು ನಾನು ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೆ, ಬರೆದುಕೊಂಡದ್ದು ಒಳ್ಳೆಯದೇ ಆಯಿತು. ಕಿವಿಗೆ ಬಿದ್ದ ಉಚ್ಚಾರವನ್ನು ನಮ್ಮ ಲಿಪಿ ಇದ್ದಂತೆಯೇ ಹಿಡಿದಿಡುತ್ತದೆ. ಆದರೆ ಅಲ್ಲಿಂದ ಇಂಗ್ಲಿಷ್ ಅಕ್ಷರಕ್ಕೆ ದಾಟುವುದು ಒಂದು ಪ್ರಯಾಣವೇ. 'ಹೌಷ್ಕ' ಎಂದು ಬರೆದುಕೊಂಡ ಹೆಸರಿನ ಸರಿಯಾದ ಕಾಗುಣಿತ ಸಿಗಲು ಎರಡು ವಾರ ಹಿಡಿಯಿತು. ಅವರು ಫೋಲ್ಕರ್ ಬರ್ಟೆಲ್‌ಮನ್. ತಂತಿಗಳ ನಡುವೆ ಪಿಂಗ್‌ಪಾಂಗ್ ಚೆಂಡು, ಬಾಟಲಿ ಮುಚ್ಚಳ, ಅಂಟುಪಟ್ಟಿಗಳನ್ನು ಸಿಕ್ಕಿಸಿ ಪಿಯಾನೊದಿಂದ ತಾಳವಾದ್ಯಗಳ ಇಡೀ ಒಂದು ಗುಂಪನ್ನೇ ಹೊರಡಿಸುವವರು. 'ಓಲಾವುರ್' ಅಂತ ಬರೆದುಕೊಂಡದ್ದು ಐಸ್‌ಲ್ಯಾಂಡಿನ ಓಲಾವುರ್ ಆರ್ನಾಲ್ಡ್ಸ್. ಒಂದು ಕಾಲಕ್ಕೆ ಅಬ್ಬರದ ರಾಕ್ ತಂಡಗಳಲ್ಲಿ ಡ್ರಮ್ಸ್ ಬಾರಿಸುತ್ತಿದ್ದವರು. 2018ರ ಒಂದು ಮುದ್ರಿಕೆಗಾಗಿ ಇವರು ತಂತ್ರಾಂಶವೊಂದನ್ನು ಮಾಡಿಸಿಕೊಂಡರು. ಇವರು ಒಂದು ಸ್ವರ ಒತ್ತಿದರೆ ಪಕ್ಕದ ಎರಡು ಪಿಯಾನೊಗಳು ತಾವಾಗಿಯೇ ಅದಕ್ಕೆ ಉತ್ತರ ಕೊಡುತ್ತವೆ. ಮೊದಲ ಸಲ ಕೇಳಿದಾಗ ಮೂವರು ನುಡಿಸುತ್ತಿದ್ದಾರೆ ಅಂತ ಬರೆದುಕೊಂಡಿದ್ದೆ. ಆ ಸಾಲನ್ನು ಹೊಡೆದುಹಾಕಿಲ್ಲ.

ಪಿಯಾನೊ ನನ್ನನ್ನು ಸುಲಭವಾಗಿ ಒಳಗೆ ಬಿಟ್ಟುಕೊಂಡಿತು. ಆಂಬಿಯೆಂಟ್ ಸಂಗೀತ, ಅಂದರೆ ಕೋಣೆಯ ಗಾಳಿಯಂತೆ ಸುತ್ತ ಹರಡಿಕೊಂಡಿರುವ ಸಂಗೀತ, ಬಿಟ್ಟುಕೊಳ್ಳಲಿಲ್ಲ.

ಅಮೆರಿಕದಲ್ಲಿ 'ಹಾರ್ಟ್ಸ್ ಆಫ್ ಸ್ಪೇಸ್' ಅಂತ ಒಂದು ಕಾರ್ಯಕ್ರಮವಿದೆ. 1973ರಲ್ಲಿ ಬರ್ಕ್‌ಲಿಯ ಕೆಪಿಎಫ್‌ಎ ಕೇಂದ್ರದಲ್ಲಿ ಸ್ಟೀಫನ್ ಹಿಲ್ ಅದನ್ನು ತಡರಾತ್ರಿಯ ಪ್ರಸಾರವಾಗಿ ಶುರುಮಾಡಿದರು. 1983ರಿಂದ ಅದು ಆ ದೇಶದ ಉದ್ದಗಲಕ್ಕೂ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೊದ ಸೋಮಾಎಫ್‌ಎಂನಲ್ಲಿ 'ಡ್ರೋನ್ ಝೋನ್' ಅನ್ನುವ ವಾಹಿನಿ ಇದೆ. ಡ್ರೋನ್ ಅಂದರೆ ಎಡೆಬಿಡದೆ ಎಳೆದು ನಿಲ್ಲುವ ನಾದ. ಅಲ್ಲಿ ಹಗಲು ರಾತ್ರಿ ಇದೇ ಬಗೆಯ ಸಂಗೀತ. ಎರಡನ್ನೂ ಹಚ್ಚಿ ಮೂರು ವಾರ ಕೂತೆ. ಏನೂ ಆಗುತ್ತಿರಲಿಲ್ಲ. ಸ್ವರ ಬರುತ್ತಿತ್ತು, ನಿಲ್ಲುತ್ತಿತ್ತು, ಇನ್ನೊಂದು ಅದರ ಮೇಲೆ ಮಂಜಿನಂತೆ ಹರಡುತ್ತಿತ್ತು, ಅಷ್ಟೇ. ಪಲ್ಲವಿ ಬಂದೀತು, ತಾಳ ಹಿಡಿದೀತು ಎಂದು ಕಾಯುತ್ತಿದ್ದ ನನ್ನ ಮನಸ್ಸಿಗೆ ಇದು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸದೆ ಕಳಿಸಿದಂತಾಗುತ್ತಿತ್ತು. ಆ ಮೂರು ವಾರದ ಪುಟಗಳಲ್ಲಿ ಗಂಟೆಗಳಿವೆ, ಬಲಬದಿ ಖಾಲಿ ಇದೆ.

ದಾರಿ ತೆರೆದದ್ದು ಒಂದು ಲೆಕ್ಕದಿಂದ. ಒಂದು ರಾತ್ರಿ ಮಾತಿಲ್ಲದ ಹೆಣ್ಣುದನಿಗಳು 'ಆ' ಎಂದು ಒಂದೊಂದೇ ಸ್ವರ ಎಳೆಯುವ ತುಣುಕು ಬಂತು. ಬೇರೇನೂ ತೋಚದೆ ಗಡಿಯಾರ ನೋಡುತ್ತ ಒಂದು ದನಿಯನ್ನಷ್ಟೇ ಹಿಂಬಾಲಿಸಿದೆ. ಸುಮಾರು ಇಪ್ಪತ್ತಮೂರು, ಇಪ್ಪತ್ತನಾಲ್ಕು ಸೆಕೆಂಡಿಗೆ ಅದೇ ಸ್ವರ ಮರಳುತ್ತಿತ್ತು. ಇನ್ನೊಂದನ್ನು ಹಿಡಿದೆ. ಅದೂ ಮರಳುತ್ತಿತ್ತು, ಆದರೆ ಸ್ವಲ್ಪ ತಡವಾಗಿ. ಎರಡೂ ತಮ್ಮ ಪಾಡಿಗೆ ತಿರುಗುತ್ತಿದ್ದವು. ಒಮ್ಮೆ ಒಂದರ ಮೇಲೊಂದು ಬಿದ್ದರೆ ಇನ್ನೊಮ್ಮೆ ನಡುವೆ ದೊಡ್ಡ ಬಯಲು ಬಿಡುತ್ತಿದ್ದವು. ಅದು ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಎನೊ ಅವರ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್', 1978ರದ್ದು. ವಿಮಾನ ನಿಲ್ದಾಣದಲ್ಲಿ ಕಾಯುತ್ತ ಕೂತವರ ಮನಸ್ಸನ್ನು ಸಮಾಧಾನದಲ್ಲಿಡಲು ಎಂಥ ಸಂಗೀತ ಬೇಕು ಎಂದು ಯೋಚಿಸಿ ಮಾಡಿದ್ದು. ಒಂದೊಂದು ದನಿಯ ಒಂದೊಂದು ಸ್ವರವನ್ನು ಬೇರೆ ಬೇರೆ ಉದ್ದದ, ತುದಿಗೆ ತುದಿ ಅಂಟಿಸಿದ ಟೇಪಿನ ಸುರುಳಿಗೆ ಹಾಕಿ ಅವನ್ನು ಒಟ್ಟಿಗೆ ಓಡಲು ಬಿಟ್ಟಿದ್ದರು. ಒಂದಕ್ಕೆ 23.5 ಸೆಕೆಂಡು, ಇನ್ನೊಂದಕ್ಕೆ 25.875, ಮತ್ತೊಂದಕ್ಕೆ 29.9375 ಎಂದು ಅವರೇ ಒಂದು ಭಾಷಣದಲ್ಲಿ ಹೇಳಿದ್ದಾರೆ. ಕಾಗದ ತೆಗೆದು ಲೆಕ್ಕ ಹಾಕಿದೆ. ಈ ಮೂರು ಸುರುಳಿಗಳು ಒಟ್ಟಿಗೆ ಹೊರಟರೆ ಮತ್ತೆ ಸರಿಯಾಗಿ ಒಟ್ಟಿಗೇ ಬಂದು ಸೇರಲು ಸುಮಾರು 27 ದಿನ ಬೇಕು! ನಾನು ಕೇಳಿದ್ದು ಆ 27 ದಿನದಲ್ಲಿ ಒಂಬತ್ತು ನಿಮಿಷಕ್ಕಿಂತ ಕಡಿಮೆ. ಏನೂ ಆಗುತ್ತಿಲ್ಲ ಎಂದು ನಾನು ಮೂರು ವಾರ ದೂರಿದ ಸಂಗೀತದಲ್ಲಿ ಒಂದು ಗಳಿಗೆಯೂ ಮತ್ತೆ ಬರುತ್ತಿರಲಿಲ್ಲ.

ಅಂದಿನಿಂದ ನಾನು ಕಾಯುವುದನ್ನು ಬಿಟ್ಟೆ. ಒಂದು ಸ್ವರವನ್ನು ಹಿಡಿದು ಅದು ಕರಗುವವರೆಗೆ ಅದರ ಜೊತೆ ಹೋಗುವುದು, ಅದು ಹೋದ ಮೇಲೆ ಅಲ್ಲಿ ಏನು ಉಳಿದಿದೆ ಎಂದು ನೋಡುವುದು, ಇಷ್ಟನ್ನೇ ಮಾಡಿದೆ. ಖಾಲಿ ಉಳಿದಿದ್ದ ಬಲಬದಿ ಮೆಲ್ಲಮೆಲ್ಲಗೆ ತುಂಬತೊಡಗಿತು.

ಎನೊ ಈ ದಾರಿಗೆ ಬಂದ ಕತೆ ಓದಿದಾಗ ನನಗೆ ನನ್ನದೇ ಮಂಚ ನೆನಪಾಯಿತು. 1975ರಲ್ಲಿ ಅಪಘಾತವಾಗಿ ಅವರು ಹಾಸಿಗೆ ಹಿಡಿದಿದ್ದರು. ನೋಡಲು ಬಂದ ಗೆಳತಿ ಹದಿನೆಂಟನೆಯ ಶತಮಾನದ ಹಾರ್ಪ್ ಸಂಗೀತದ ಒಂದು ರೆಕಾರ್ಡ್ ತಂದುಕೊಟ್ಟಳು. ಆಕೆ ಹೋದ ಮೇಲೆ ಅದನ್ನು ಕಷ್ಟಪಟ್ಟು ಹಚ್ಚಿ ಬಂದು ಮಲಗಿದರು. ಮಲಗಿದ ಮೇಲೆ ಗೊತ್ತಾಯಿತು, ಧ್ವನಿ ತೀರಾ ಸಣ್ಣಗಿದೆ, ಸ್ಟೀರಿಯೊದ ಒಂದು ಬದಿ ಕೆಲಸವನ್ನೇ ಮಾಡುತ್ತಿಲ್ಲ. ಏಳುವ ಶಕ್ತಿ ಇರಲಿಲ್ಲ. ಹೊರಗೆ ಮಳೆ. ಹಾರ್ಪಿನ ಒಂದೊಂದು ಸ್ವರ ಮಳೆಯ ನಡುವೆ ಅಲ್ಲಲ್ಲಿ ತಲೆಯೆತ್ತಿ ಮುಳುಗುತ್ತಿತ್ತು. ಸಂಗೀತವು ಕೋಣೆಯ ಬೆಳಕಿನ ಹಾಗೆ, ಮಳೆಯ ಸದ್ದಿನ ಹಾಗೆ ಸುತ್ತಲಿನ ಒಂದು ಭಾಗವಾಗಿ ಇರಬಲ್ಲದು ಎಂದು ಆಗ ಹೊಳೆಯಿತು ಅನ್ನುತ್ತಾರೆ ಅವರು. ಮನೆಯವರ ನಿದ್ದೆ ಕೆಡದಿರಲೆಂದು ನಾನು ಸಣ್ಣಗಿಟ್ಟ ಧ್ವನಿ, ನೆರೆಯವರಿಗಾಗಿ ಫ್ರಾಮ್ ಹಾಸಿದ ಬಟ್ಟೆ, ಏಳಲಾಗದೆ ಎನೊ ಹಾಗೇ ಬಿಟ್ಟ ರೆಕಾರ್ಡ್ ಪ್ಲೇಯರ್. ನನ್ನ ಪಟ್ಟಿಯಲ್ಲಿ ಇವು ಮೂರೂ ಒಂದೇ ಪುಟದಲ್ಲಿವೆ.

ಇಂಥ ಯೋಚನೆ ಎನೊ ಅವರಿಗಿಂತ ಮುಂಚೆಯೂ ಇತ್ತು. ಫ್ರಾನ್ಸಿನ ಎರಿಕ್ ಸಾಟಿ 1917ರಷ್ಟು ಹಿಂದೆಯೇ 'ಪೀಠೋಪಕರಣ ಸಂಗೀತ' ಎಂಬ ಮಾತು ತಂದಿದ್ದರು. ಕುರ್ಚಿ ಮೇಜಿನಂತೆ ಕೋಣೆಯಲ್ಲಿ ಇದ್ದೂ ಇಲ್ಲದಂತಿರುವ ಸಂಗೀತ ಅಂತ. 1920ರಲ್ಲಿ ಅದನ್ನು ನುಡಿಸಿದಾಗ ಜನ ಮಾತು ನಿಲ್ಲಿಸಿ ಕೇಳಲು ಕೂತರು. ಮಾತಾಡಿ, ಓಡಾಡಿ ಎಂದು ಸಾಟಿಯೇ ಅವರನ್ನು ಒತ್ತಾಯಿಸಬೇಕಾಯಿತು. ನನಗೆ ಸಾಟಿ ಬಹಳ ಇಷ್ಟ. ಆದರೆ ಈ ವಿಷಯದಲ್ಲಿ ನಾನು ಆ ಕೂತು ಕೇಳಿದ ಜನರ ಪರ.

ಇನ್ನು ಎಲೆಕ್ಟ್ರಾನಿಕ್ ಸಂಗೀತ. ಇದರ ಬಗ್ಗೆ ನನ್ನಲ್ಲಿದ್ದದ್ದು ತಪ್ಪು ಕಲ್ಪನೆ. ಅದು ಕುಣಿತದ ಕೋಣೆಯಿಂದ ಬಂದದ್ದು, ಕಂಪ್ಯೂಟರ್ ಬಂದ ಮೇಲಿನದು ಅಂದುಕೊಂಡಿದ್ದೆ. ಒಂದು ರಾತ್ರಿ ಸಾಕ್ಷ್ಯಚಿತ್ರದಂಥ ಒಂದು ಕಾರ್ಯಕ್ರಮ ಕೇಳುತ್ತ ಹೋದಂತೆ ನನ್ನ ತಲೆದೆಸೆಯ ಪೆಟ್ಟಿಗೆಯ ಮೇಲೆ ನನಗೆ ಹೊಸ ಗೌರವ ಹುಟ್ಟಿತು. ಈ ಸಂಗೀತದ ತವರುಮನೆಗಳಲ್ಲಿ ಎಷ್ಟೋ ರೇಡಿಯೊ ಕೇಂದ್ರಗಳೇ.

ಪಿಯೆರ್ ಶೆಫರ್ ಫ್ರೆಂಚ್ ರೇಡಿಯೊದಲ್ಲಿ ಎಂಜಿನಿಯರ್. ಪ್ಯಾರಿಸ್ಸಿನ ಒಂದು ರೈಲು ನಿಲ್ದಾಣಕ್ಕೆ ಹೋಗಿ ಎಂಜಿನ್‌ಗಳ ಸದ್ದನ್ನು ಮುದ್ರಿಸಿಕೊಂಡು ಬಂದು ಅದರಿಂದ ಸಂಗೀತ ಕಟ್ಟಿದರು. 1948ರ ಅಕ್ಟೋಬರ್ 5ರಂದು ಅದು ರೇಡಿಯೊದಲ್ಲಿ ಪ್ರಸಾರವಾಯಿತು. ಅವರ ಕೈಯಲ್ಲಿ ಆಗ ಟೇಪ್ ಇರಲಿಲ್ಲ, ಬರೀ ಡಿಸ್ಕ್. ಡಿಸ್ಕಿನ ಗೀರು ಸುರುಳಿಯಾಗಿ ಒಳಗೆ ಸಾಗುವ ಬದಲು ತನ್ನ ಬಾಲವನ್ನು ತಾನೇ ಕಚ್ಚಿಕೊಂಡರೆ ಮುಳ್ಳು ಅಲ್ಲೇ ಸುತ್ತುತ್ತದೆ, ಒಂದು ತುಣುಕೇ ಮತ್ತೆ ಮತ್ತೆ ಕೇಳಿಸುತ್ತದೆ. ರೆಕಾರ್ಡ್ ಕೇಳಿದವರಿಗೆಲ್ಲ ಇದು ಗೊತ್ತಿರುವ ದೋಷ. ಶೆಫರ್ ಅದನ್ನೇ ವಾದ್ಯ ಮಾಡಿಕೊಂಡರು. ಅವರು ಗಮನಿಸಿದ್ದು ಇದು: ಒಂದು ಸದ್ದು ಸಾಕಷ್ಟು ಸಲ ಮರಳಿದರೆ ಅದು ಯಾವುದರ ಸದ್ದು ಅನ್ನುವುದು ಮರೆತುಹೋಗುತ್ತದೆ, ರೈಲು ಹೋಗಿ ನಾದ ಉಳಿಯುತ್ತದೆ.

ಜರ್ಮನಿಯ ಕೊಲೋನ್ ರೇಡಿಯೊದಲ್ಲಿ 1951ರಲ್ಲಿ ಹುಟ್ಟಿಕೊಂಡ ಸ್ಟುಡಿಯೊದಲ್ಲಿ ಸಲಕರಣೆಗಳನ್ನು ಅಳೆಯಲು, ಪರೀಕ್ಷಿಸಲು ಇದ್ದ ಯಂತ್ರಗಳೇ ವಾದ್ಯಗಳಾದವು. ಒಂದೇ ಶುದ್ಧ ಕಂಪನವನ್ನು ಹೊರಡಿಸುವ ಆಸಿಲೇಟರ್, ಕುಸುಕುಸು ಗದ್ದಲ ಹೊರಡಿಸುವ ಪೆಟ್ಟಿಗೆ, ಅದನ್ನು ಸೋಸುವ ಫಿಲ್ಟರ್. 1956ರಲ್ಲಿ ಕಾರ್ಲ್‌ಹೈಂಜ್ ಸ್ಟಾಕ್‌ಹೌಸನ್ ಒಬ್ಬ ಹುಡುಗನ ಕಂಠವನ್ನು ಇಂಥ ಸ್ವರಗಳೊಂದಿಗೆ ಬೆಸೆದರು. ಹುಡುಗ ಎಲ್ಲಿ ಮುಗಿದು ಯಂತ್ರ ಎಲ್ಲಿ ಶುರುವಾಯಿತು ಎಂದು ಹೇಳಲಾಗುವುದಿಲ್ಲ. ಮಿಲಾನ್, ಟೋಕಿಯೊ, ವಾರ್ಸಾ, ಎಲ್ಲ ಕಡೆಯೂ ರೇಡಿಯೊ ಸಂಸ್ಥೆಗಳೇ ಆ ದಶಕದಲ್ಲಿ ಇಂಥ ಸ್ಟುಡಿಯೊ ತೆರೆದವು. ಲಂಡನ್ನಿನಲ್ಲಿ 1958ರಲ್ಲಿ ಬಿಬಿಸಿ ರೇಡಿಯೊಫೋನಿಕ್ ವರ್ಕ್‌ಶಾಪ್ ಶುರುವಾಯಿತು. ಅದಕ್ಕಾಗಿ ಹಠಹಿಡಿದವರಲ್ಲಿ ಒಬ್ಬರು ಡ್ಯಾಫ್ನಿ ಓರಮ್. ಆಮೇಲೆ ಅಲ್ಲಿಗೆ ಬಂದ ಡೆಲಿಯಾ ಡರ್ಬಿಷೈರ್ 1963ರಲ್ಲಿ 'ಡಾಕ್ಟರ್ ಹೂ' ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್ ಇಲ್ಲದೆ, ಟೇಪನ್ನು ಸ್ವರಸ್ವರಕ್ಕೂ ಕತ್ತರಿಸಿ ಅಂಟಿಸಿ ಕಟ್ಟಿದರು. ಇದೇ ಡೆಲಿಯಾಗೆ ಹಸಿರು ಬಣ್ಣದ ಲೋಹದ ಲ್ಯಾಂಪ್‌ಶೇಡ್ ಒಂದರ ನಾದದ ಮೇಲೆ ಪ್ರೀತಿ. ಅದನ್ನು ತಟ್ಟಿ, ತಟ್ಟಿದ ಕ್ಷಣವನ್ನು ಕತ್ತರಿಸಿ ಎಸೆದು, ಹಿಂದೆ ಉಳಿದ ಗುಂಗನ್ನು ಮಾತ್ರ ಬಳಸುತ್ತಿದ್ದರು. ಈ ಒಂದು ವಿವರ ನನಗೆ ಇಡೀ ಆಂಬಿಯೆಂಟ್ ಸಂಗೀತದ ಕೀಲಿಕೈಯಂತೆ ಕಂಡಿತು. ಪೆಟ್ಟನ್ನು ತೆಗೆದುಬಿಟ್ಟರೆ ಯಾವ ವಸ್ತುವಿನ ಸದ್ದೂ ಎಲ್ಲಿಂದಲೋ ಬಂದದ್ದಾಗುತ್ತದೆ.

ಹಳೆಯ ರೇಡಿಯೊದ ಗುಂಡಿ ತಿರುಗಿಸುವಾಗ ಎರಡು ಕೇಂದ್ರಗಳ ನಡುವೆ ಒಂದು ಸೀಟಿ ಏರಿ ಇಳಿಯುತ್ತದಲ್ಲ, ಅದೂ ಸಂಗೀತದ ಒಂದು ಮೂಲವೇ. ಕಿವಿಗೆ ಕೇಳಿಸದಷ್ಟು ಎತ್ತರದ ಎರಡು ಕಂಪನಗಳು ಕೂಡಿದಾಗ ಅವುಗಳ ನಡುವಿನ ವ್ಯತ್ಯಾಸ ಕಿವಿಗೆ ಕೇಳಿಸುವ ಸ್ವರವಾಗಿ ಇಳಿಯುತ್ತದೆ. ರಷ್ಯಾದ ಲೆವ್ ತೆರೆಮಿನ್ 1920ರ ಹೊತ್ತಿಗೆ ಇದೇ ತತ್ವದ ಮೇಲೆ ಕೈ ತಾಗಿಸದೆ ನುಡಿಸುವ ವಾದ್ಯ ಮಾಡಿದರು. ವಾದ್ಯದ ಪಕ್ಕದಲ್ಲಿ ಗಾಳಿಯಲ್ಲಿ ಕೈ ಆಡಿಸಿದರೆ ಎರಡರಲ್ಲಿ ಒಂದು ಕಂಪನ ತುಸು ಸರಿಯುತ್ತದೆ, ಸ್ವರ ಅಳುತ್ತದೆ. 1951ರಲ್ಲಿ ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ ಹನ್ನೆರಡು ರೇಡಿಯೊಗಳಿಗಾಗಿಯೇ ಒಂದು ಕೃತಿ ಬರೆದರು. ಒಂದೊಂದಕ್ಕೆ ಇಬ್ಬರಂತೆ 24 ಜನ, ಒಬ್ಬರು ಕೇಂದ್ರ ಬದಲಿಸುವವರು, ಇನ್ನೊಬ್ಬರು ಧ್ವನಿ ಏರಿಳಿಸುವವರು. ನಿದ್ದೆ ಬಾರದ ರಾತ್ರಿಗಳಲ್ಲಿ ನಾನೊಬ್ಬನೇ ಮಾಡುತ್ತಿದ್ದ ಕೆಲಸ ಅದು.

ಈ ದಾರಿಯಲ್ಲಿ ಮುಂದೆ ಸಿಕ್ಕಿದ ಫ್ರಾನ್ಸಿನ ಎಲಿಯಾನ್ ರಾಡಿಗ್ ಬಗ್ಗೆ ನಿಧಾನವಾಗಿ ಹೇಳಬೇಕು. ಆಕೆ ಶೆಫರ್ ಅವರ ಬಳಿ ಕಲಿತವರು. ಆಮೇಲೆ ಎಆರ್‌ಪಿ 2500 ಎಂಬ ಸಿಂಥಸೈಜರ್ ಒಂದರ ಜೊತೆಗೇ ದಶಕಗಳನ್ನು ಕಳೆದರು. ಕೀಲಿಮಣೆ ಮುಟ್ಟುತ್ತಿರಲಿಲ್ಲ, ಗುಂಡಿಗಳನ್ನಷ್ಟೇ ಕಣ್ಣಿಗೆ ಕಾಣದಷ್ಟು ತಿರುಗಿಸುತ್ತಿದ್ದರು. ರೇಡಿಯೊದಲ್ಲಿ ಅವರ ಒಂದು ಕೃತಿಯನ್ನು ಪೂರ್ತಿಯಾಗಿ, ಒಂದು ಗಂಟೆಯ ತನಕ ಹಾಕಿದರು. ಹತ್ತು ನಿಮಿಷದ ಹೊತ್ತಿಗೆ ಇದು ಒಂದೇ ಸ್ವರ ಎಂದು ಬರೆದುಕೊಂಡೆ. ಇಪ್ಪತ್ತೈದನೆಯ ನಿಮಿಷಕ್ಕೆ ಅದು ಮೊದಲಿನ ಸ್ವರವಲ್ಲ ಅನ್ನಿಸಿತು, ಆದರೆ ಯಾವಾಗ ಬದಲಾಯಿತೋ ತಿಳಿಯಲಿಲ್ಲ. ಮೊಗ್ಗು ಅರಳುವುದನ್ನು ಕಣ್ಣು ಮಿಟುಕಿಸದೆ ನೋಡಿದರೂ ಅರಳಿದ ಗಳಿಗೆ ತಪ್ಪಿಹೋಗುವಂತೆ. ನಲವತ್ತನೆಯ ನಿಮಿಷದ ಮೇಲೆ ಆ ಒಂದು ಸ್ವರದೊಳಗೆ ಅದರ ಮೇಲುಸ್ವರಗಳು ತಂಬೂರಿಯೊಳಗಿನ ಗಾಂಧಾರದ ಹಾಗೆ, ಯಾರೂ ಮೀಟದೆ, ಬೇರೆ ಬೇರೆಯಾಗಿ ಕೇಳಿಸತೊಡಗಿದವು. ತಂಬೂರಿಯ ಹೋಲಿಕೆ ನಾನು ಸುಮ್ಮನೆ ತಂದದ್ದಲ್ಲ. 1964ರಲ್ಲಿ 53 ಪುಟ್ಟ ಸ್ವರಗುಚ್ಛಗಳಿಂದ ಒಂದು ಹೊಸ ಸಂಗೀತವನ್ನೇ ಕಟ್ಟಿದ ಅಮೆರಿಕದ ಟೆರಿ ರೈಲಿ, ಅವರ ಗೆಳೆಯ ಲಾ ಮೊಂಟ್ ಯಂಗ್ ಇಬ್ಬರೂ 1970ರಿಂದ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದವರು. ಒಂದೊಂದು ಸ್ವರದಲ್ಲೂ ಬಹಳ ಹೊತ್ತು ನಿಲ್ಲುವ ಆ ಘರಾಣೆಯ ತಾಳ್ಮೆ ಪಶ್ಚಿಮದ ಡ್ರೋನ್ ಸಂಗೀತದೊಳಗೆ ಇಳಿದಿದೆ. ರಾಡಿಗ್ ಮುಗಿದಾಗ ಬೆಳಕು ಹರಿದಿತ್ತು. ಕಿಟಕಿ ತೆರೆದು ಎಷ್ಟೋ ಹೊತ್ತು ನಿಂತಿದ್ದೆ.

ದೋಷ ಅನ್ನಿಸುವುದೇ ಸಂಗೀತವಾಗುವ ಮಾತಿಗೆ ಬಂದರೆ ಅಮೆರಿಕದ ವಿಲಿಯಂ ಬಸಿನ್ಸ್ಕಿಯನ್ನು ಬಿಡಲಾಗದು. 2001ರಲ್ಲಿ ಅವರು ಸುಮಾರು ಇಪ್ಪತ್ತು ವರ್ಷ ಹಳೆಯ ತಮ್ಮ ಟೇಪ್ ಸುರುಳಿಗಳನ್ನು ಕಂಪ್ಯೂಟರಿಗೆ ಏರಿಸಲು ಕೂತರು. ಟೇಪಿನ ಮೇಲಿನ ಕಬ್ಬಿಣದ ಆಕ್ಸೈಡ್ ಲೇಪ ಪ್ರತಿ ಸುತ್ತಿಗೂ ಪುಡಿಪುಡಿಯಾಗಿ ಉದುರತೊಡಗಿತು. ಅವರು ನಿಲ್ಲಿಸಲಿಲ್ಲ, ಸಾಯುತ್ತಿರುವ ಆ ಸಂಗೀತವನ್ನು ಸಾಯುವವರೆಗೂ ಮುದ್ರಿಸಿಕೊಂಡರು. ತುತ್ತೂರಿಯಂಥ ಒಂದು ರಾಗ ಶುರುವಿನಲ್ಲಿ ತುಂಬಿಕೊಂಡಿರುತ್ತದೆ. ಗಂಟೆಯ ಕೊನೆಗೆ ರಾಗವಿದ್ದ ಜಾಗದಲ್ಲಿ ತೂತುಗಳಿರುತ್ತವೆ, ತೂತುಗಳ ಅಂಚಿನಲ್ಲಿ ಒಂದಿಷ್ಟು ಸ್ವರ. ಇದನ್ನು ಬೇರೆ ಕೆಲಸ ಮಾಡುತ್ತ ಕೇಳಲು ನನ್ನಿಂದ ಆಗಿಲ್ಲ.

ಎಲ್ಲವೂ ಇಷ್ಟವಾಯಿತು ಎಂದಲ್ಲ. ಇಂದಿನ ಪಿಯಾನೊ ಸಂಗೀತದಲ್ಲಿ ಬಹಳಷ್ಟು ನನಗೆ ಬೇಗ ಸಾಕಾಯಿತು. ಅವೇ ನಾಲ್ಕು ಸ್ವರಮೇಳಗಳು, ಅದೇ ಫೆಲ್ಟ್, ಅದೇ ಮೆದು ದುಃಖ. ಫ್ರಾಮ್‌ಗೆ ಫೆಲ್ಟ್ ಒಂದು ಅಗತ್ಯದಿಂದ ಬಂದಿತ್ತು, ಅನೇಕರಿಗೆ ಅದು ಅಲಂಕಾರವಾಗಿದೆ. ನಿದ್ದೆಗೆ, ಓದಿಗೆ, ಶಾಂತಿಗೆ ಎಂದು ಹೆಸರಿಟ್ಟು ಜೋಡಿಸಿದ ಪಟ್ಟಿಗಳನ್ನೂ ಕೆಲ ದಿನ ಕೇಳಿ ನೋಡಿದೆ. ಒಂದಕ್ಕೊಂದು ಒರಟಾಗಿ ತಾಗುವ ಎರಡು ತುಣುಕುಗಳೇ ಅಲ್ಲಿರಲಿಲ್ಲ. ರೇಡಿಯೊದಲ್ಲಿ ಕೂತ ಮನುಷ್ಯ ಹಾಗೆ ಮಾಡುವುದಿಲ್ಲ. ಒಂದು ರಾತ್ರಿ ನಲವತ್ತು ನಿಮಿಷದ ಡ್ರೋನ್ ಮುಗಿದದ್ದೇ ಇಥಿಯೋಪಿಯಾದ ಸನ್ಯಾಸಿನಿ ಎಮಹೊಯ್ ತ್ಸೆಗೆ ಮರ್ಯಮ್ ಗೆಬ್ರು ಅವರ ಪಿಯಾನೊ ಹಾಕಿದರು. ಕತ್ತಲ ಕೋಣೆಯಿಂದ ನೇರವಾಗಿ ಅಂಗಳಕ್ಕೆ ಬಂದು ಬಿದ್ದಂತಾಯಿತು. ತಾಳ ಒಂದು ಕಡೆ ನಿಲ್ಲದೆ ನಡಿಗೆಯಂತೆ ಓಲಾಡುವ, ಪ್ರಾರ್ಥನೆಯೋ ಕುಣಿತವೋ ಹೇಳಲಾಗದ ಆ ಸಂಗೀತ ನನ್ನ ಯಾವ ಇಷ್ಟದ ಪಟ್ಟಿಯಲ್ಲೂ ಬರುವಂಥದ್ದಾಗಿರಲಿಲ್ಲ. ನನಗೆ ಬೇಕೆಂದು ನನಗೇ ಗೊತ್ತಿಲ್ಲದಿದ್ದದ್ದನ್ನು ಬೇರೆ ಯಾರೋ ಕೈಗಿಟ್ಟದ್ದು ಅದು.

2023ರ ಮಾರ್ಚ್ ಕೊನೆಯ ವಾರದಲ್ಲಿ ಎಮಹೊಯ್ 99ನೆಯ ವಯಸ್ಸಿನಲ್ಲಿ ಜೆರುಸಲೇಮಿನಲ್ಲಿ ತೀರಿಕೊಂಡರು. ಅದೇ ವಾರ, 28ರಂದು, ಟೋಕಿಯೊದಲ್ಲಿ ಜಪಾನಿನ ಸಂಗೀತಗಾರ ರ್‍ಯೂಯಿಚಿ ಸಕಾಮೊಟೊ ಹೋದರು. ಸಕಾಮೊಟೊ ಸುದ್ದಿ ಹೊರಬಂದದ್ದು ಏಪ್ರಿಲ್ ಮೊದಲಲ್ಲಿ. ನಾನು ಕೇಳುವ ಕೇಂದ್ರಗಳು ಒಂದಾದ ಮೇಲೊಂದು ಅವರನ್ನೇ ನುಡಿಸಿದವು. 2011ರ ಸುನಾಮಿಯಲ್ಲಿ ಜಪಾನಿನ ಶಾಲೆಯೊಂದರ ಪಿಯಾನೊ ಮುಳುಗಿಹೋಗಿತ್ತು. ಅದು ಸಕಾಮೊಟೊ ಅವರಿಗೆ ಸಿಕ್ಕಿತು. ಶ್ರುತಿ ತಪ್ಪಿದ ಅದನ್ನು ಅವರು ರಿಪೇರಿ ಮಾಡಿಸಲಿಲ್ಲ. ಮನುಷ್ಯ ಬಲವಂತದಿಂದ ಬಿಗಿದು ಕಟ್ಟಿದ್ದನ್ನು ಪ್ರಕೃತಿ ಸಡಿಲಿಸಿ ತನ್ನ ಶ್ರುತಿಗೆ ತಂದುಕೊಂಡಿದೆ ಅನ್ನುವುದು ಅವರ ಭಾವನೆ. 2017ರ ಮುದ್ರಿಕೆಯಲ್ಲಿ ಆ ಪಿಯಾನೊದ ಸ್ವರಗಳಿವೆ. ಕೇಳುತ್ತಿದ್ದಂತೆ ನನಗೆ ಮೊದಲ ರಾತ್ರಿ ರೇಡಿಯೊವನ್ನು ತಟ್ಟಿದ್ದು ನೆನಪಾಯಿತು. ಈ ಸಲ ಕೈ ಮೇಲೇಳಲಿಲ್ಲ. ಕಣ್ಣು ತುಂಬಿಕೊಂಡಿತು.

ಒಂದು ಕೊರಗು ಉಳಿದಿದೆ. 2015ರ ಸೆಪ್ಟೆಂಬರ್ 27ರ ನಡುರಾತ್ರಿಯಿಂದ ಬೆಳಗಿನ ಎಂಟರವರೆಗೆ ಬಿಬಿಸಿ ರೇಡಿಯೊ 3 ಮ್ಯಾಕ್ಸ್ ರಿಕ್ಟರ್ ಅವರ 'ಸ್ಲೀಪ್' ಕೃತಿಯನ್ನು ನೇರವಾಗಿ ಪ್ರಸಾರ ಮಾಡಿತ್ತು. ಲಂಡನ್ನಿನ ವೆಲ್‌ಕಮ್ ಕಲೆಕ್ಷನ್ನಿನ ಓದುವ ಕೋಣೆಯಲ್ಲಿ ಕಲಾವಿದರು ನುಡಿಸುತ್ತಿದ್ದರೆ ಕೇಳುಗರು ಹಾಸಿಗೆಯಲ್ಲಿ ಮಲಗಿದ್ದರು. ನಾನು ಆಗ ಈ ಲೋಕದ ಹೊರಗಿದ್ದೆ. ಆಮೇಲೆ ಮುದ್ರಿಕೆಯನ್ನು ಇಡೀ ರಾತ್ರಿ ಹಚ್ಚಿಕೊಂಡು ಮಲಗಿದ್ದೇನೆ, ಚೆನ್ನಾಗಿಯೇ ನಿದ್ದೆ ಬಂದಿದೆ. ಆದರೆ ಎಲ್ಲೆಲ್ಲೋ ಇರುವ ಗುರುತಿಲ್ಲದ ಜನ ಅದೇ ಹೊತ್ತಿನಲ್ಲಿ ಅದೇ ಸ್ವರದ ಕೆಳಗೆ ಮಲಗಿದ್ದಾರೆ ಅನ್ನುವುದು ಮುದ್ರಿಕೆಯಲ್ಲಿ ಸಿಗುವುದಿಲ್ಲ.

ನನ್ನ ನಿದ್ದೆ ಸರಿಯಾಗಿ ಬಹಳ ಕಾಲವಾಯಿತು. ಈಗ ವಾರದಲ್ಲಿ ಎರಡು ದಿನ ಅಲಾರಂ ಇಟ್ಟುಕೊಂಡು ಏಳುತ್ತೇನೆ. ನೋಟ್‌ಬುಕ್ ಮೂರನೆಯದು ನಡೆದಿದೆ. ಮೊದಲನೆಯದರಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದ ಹೆಸರುಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಸಿಕ್ಕಿವೆ. ಆ ಒಂದು ಸಾಲು ಹೀಗಿದೆ: '3.52. ಪಿಯಾನೊ, ಎರಡೇ ಸ್ವರ. ನಡುವೆ ಬಹಳ ಜಾಗ. ಹಿಂದೆ ಬಾಗಿಲು ತೆಗೆದ ಸದ್ದು, ಅಥವಾ ಯಾರೋ ಎದ್ದು ಹೋದದ್ದು. ಹೆಸರು ಹೇಳಿದರು, ಕೇಳಿಸಲಿಲ್ಲ.'